ಮನಿ ಒಳಗಿನ ಫಿನಿಶಿಂಗ್: ಕಲಬುರಗಿ ಕಡೆ ಮನೆ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಲ್ಯಾಬ್ ಹಾಕುವ ತನಕ ಮನೆ ಕಟ್ಟಿಸುವವರ ಪಾತ್ರ ದುಡ್ಡು ಕೊಡುವುದು, ನೀರು ಹೊಡೆಸುವುದು ಇಷ್ಟೇ. ಸ್ಲ್ಯಾಬಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಬಿಚ್ಚಿದ ಮರುದಿನದಿಂದ ಗೌಂಡಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಿಗೇರ ಎಲ್ಲರೂ ಒಂದೇ ಬಾಯಲ್ಲಿ ಕೇಳುತ್ತಾರೆ: "ಯಾವ್ದು ಹಾಕೋಣ್ರಿ?" ಅಪ್ಪನಿಗೆ ಫರ್ಸಿ (ಹಾಸುಗಲ್ಲು) ಬೇಕು, ಸೊಸೆಗೆ ಬಿಳಿ ಟೈಲ್ಸ್ ಬೇಕು, ಬೆಂಗಳೂರಿನಲ್ಲಿರುವ ಮಗ ದಿನಕ್ಕೊಂದು ಫೋಟೊ ಕಳಿಸುತ್ತಾನೆ. ಆ ಹಂತದಲ್ಲಿ ಹೆಚ್ಚಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನಮ್ಮ ಬಿಸಿಲು, ನಮ್ಮ ಎರೆ ಮಣ್ಣು, ನಮ್ಮ ಬೋರ್ ನೀರು, ನಮ್ಮ ರೊಟ್ಟಿ ಈ ನಾಲ್ಕನ್ನು ಮುಂದಿಟ್ಟುಕೊಂಡು ಬರೆದದ್ದು. ಶೋರೂಮಿನವರು ಈ ನಾಲ್ಕನ್ನೂ ಕೇಳುವುದಿಲ್ಲ.

ಎಲ್ಲಾ ಒಮ್ಮೆಗೇ ಕೇಳ್ತಾರ. ಮೊದಲು ಯಾವ್ದು ಆರಿಸಬೇಕು?

ಮುಂದೆ ಬದಲಾಯಿಸಲು ಯಾವುದಕ್ಕೆ ಮನೆ ಒಡೆಯಬೇಕಾಗುತ್ತದೋ ಅದನ್ನು ಮೊದಲು. ಗೋಡೆಯೊಳಗಿನ ಪೈಪು, ವೈರಿಂಗ್ ಪಾಯಿಂಟು, ಬಚ್ಚಲಿನ ವಾಟರ್‌ಪ್ರೂಫಿಂಗ್, ನೆಲದ ಕೆಳಗಿನ ಭರ್ತಿ ಇವು ಮೊದಲ ಸಾಲು. ನೆಲಹಾಸು, ಅಡುಗೆ ಕಟ್ಟೆ, ಚೌಕಟ್ಟು ಎರಡನೆಯ ಸಾಲು. ಬಣ್ಣ, ಪರದೆ, ಲೈಟು ಕೊನೆಗೆ. ಬಣ್ಣವನ್ನು ಐದು ವರ್ಷಕ್ಕೆ ಬದಲಾಯಿಸಬಹುದು. ಬಚ್ಚಲಿನ ಟೈಲ್ಸ್ ಕೀಳಲು ಯಾರಿಗೂ ಮನಸ್ಸಾಗುವುದಿಲ್ಲ.

ಆದರೆ ಜನ ಮಾಡುವುದು ಇದರ ಉಲ್ಟಾ. ಹಾಲಿನ ಟಿವಿ ಗೋಡೆಯ ಡಿಸೈನು ಮೊದಲೇ ನಿರ್ಧಾರವಾಗಿರುತ್ತದೆ, ಕೂಲರಿನ ಪ್ಲಗ್ ಎಲ್ಲಿ ಬರಬೇಕೆಂಬುದು ಬಣ್ಣಕ್ಕೆ ಮುಂಚಿನ ನುಣುಪು ಲೇಪ, ಅಂದರೆ ಪುಟ್ಟಿ, ಹಚ್ಚಿದ ಮೇಲೆ ನೆನಪಾಗುತ್ತದೆ. ಆಮೇಲೆ ಗೋಡೆ ಕೊರೆದು, ತೇಪೆ ಹಾಕಿ, ಆ ತೇಪೆ ಕಾಣದಂತೆ ಇನ್ನೊಂದು ಕೋಟ್ ಬಳಿಯಬೇಕು.

ಹಾಲ್‌ಗೆ ಶಹಾಬಾದ್ ಫರ್ಸಿ ಹಾಕ್ಸಬೇಕೋ, ಟೈಲ್ಸೋ? ಫರ್ಸಿ ಹಾಕಿದ್ರ ಬಡವರ ಮನಿ ಅಂತಾರ.

ಅನ್ನುವವರು ಅನ್ನಲಿ. ಅದೇ ಕಲ್ಲನ್ನು ಬೇರೆ ಊರಿನವರು ಲಾರಿ ಬಾಡಿಗೆ ಕೊಟ್ಟು ತರಿಸಿಕೊಳ್ಳುತ್ತಾರೆ. ಶಹಾಬಾದ, ಚಿತ್ತಾಪುರ, ಸೇಡಂ ಸುತ್ತಲಿನ ಈ ಕಲ್ಲು ಸುಣ್ಣದ ಕಲ್ಲಿನ ಜಾತಿ. ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ಕೂತದ್ದೂ ಇದೇ ಕಲ್ಲಿಗಾಗಿ. ಪದರು ಪದರಾಗಿ ಏಳುವ ಗುಣ ಇರುವುದರಿಂದ ಹಾಸಲು ತಾನೇ ತಾನಾಗಿ ಚಪ್ಪಟೆ ಸಿಗುತ್ತದೆ.

ಫರ್ಸಿಯ ಪರವಾಗಿ ಹೇಳಬೇಕಾದ್ದು: ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ ಇದ್ದಾಗ ಬರಿಗಾಲಿಗೆ ತಂಪು. ಪಾಲಿಶ್ ಮಾಡದ ಅಥವಾ ಅರ್ಧ ಪಾಲಿಶ್ ಮಾಡಿದ ಕಲ್ಲಿನ ಮೇಲೆ ವಯಸ್ಸಾದವರು ಜಾರುವುದು ಕಡಿಮೆ. ಒಂದು ಕಲ್ಲು ಒಡೆದರೆ ಹತ್ತು ವರ್ಷದ ನಂತರವೂ ಅದಕ್ಕೆ ಹತ್ತಿರದ ಜೋಡಿ ಸಿಗುತ್ತದೆ. ಟೈಲ್ಸಿನ ಡಿಸೈನು ಎರಡು ವರ್ಷಕ್ಕೇ ಬಂದ್ ಆಗಿರುತ್ತದೆ. ಶರಣಬಸವೇಶ್ವರ ಜಾತ್ರೆಗೆ ನೆಂಟರು ಬಂದು ಹಾಲ್ ತುಂಬ ಚಾಪೆ ಹಾಸಿ ಮಲಗುವ ಮನೆಗೆ ಇದಕ್ಕಿಂತ ಒಳ್ಳೆಯ ನೆಲ ನನಗೆ ಗೊತ್ತಿಲ್ಲ.

ವಿರುದ್ಧವಾಗಿ ಹೇಳಬೇಕಾದ್ದು: ಹುಳಿ ತಾಕಿದರೆ ಕಲೆ. ಲಿಂಬೆ, ಹುಣಸೆ ರಸ, ಮಜ್ಜಿಗೆ ಬಿದ್ದು ಹಾಗೇ ಬಿಟ್ಟರೆ ಪಾಲಿಶ್ ಹೋಗಿ ಮಂಕಾದ ಗುರುತು ಉಳಿಯುತ್ತದೆ. ಸಂಡಾಸು ತೊಳೆಯುವ ಆಸಿಡ್ ಅಂತೂ ಕಲ್ಲಿನ ಮೈಯನ್ನೇ ತಿನ್ನುತ್ತದೆ, ಯಾಕೆಂದರೆ ಆಸಿಡ್ಡಿಗೂ ಸುಣ್ಣಕ್ಕೂ ಆಗುವುದಿಲ್ಲ. ಆದ್ದರಿಂದ ಹಾಲ್, ಪಡಸಾಲೆ, ಮಲಗುವ ಕೋಣೆ, ಅಟ್ಟದ ಮೆಟ್ಟಿಲಿಗೆ ಫರ್ಸಿ. ಅಡುಗೆಮನೆ, ಬಚ್ಚಲಿಗೆ ಟೈಲ್ಸ್. ನನ್ನ ಸಲಹೆ ಇಷ್ಟೇ.

ಕೊಳ್ಳುವಾಗ ಒಂದೊಂದು ಕಲ್ಲನ್ನೂ ಎತ್ತಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಸಿ. ಖಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಪದರು ಬಿಟ್ಟಿದೆ. ಮಷೀನ್ ಕಟ್ ಅಂಚಿನದನ್ನೇ ಕೇಳಿ, ಸಂದು ತೆಳ್ಳಗೆ ಬರುತ್ತದೆ. ಒಂದೇ ಗಣಿಯ ಮಾಲು ಒಂದೇ ಲೋಡಿನಲ್ಲಿ ತರಿಸದಿದ್ದರೆ ಅರ್ಧ ಹಾಲ್ ಬೂದಿ, ಅರ್ಧ ಹಸಿರು ಛಾಯೆ ಆಗುತ್ತದೆ. ಹಳದಿ ಬೇಕೆನ್ನುವವರು ಗಡಿಯಾಚೆಯ ತಾಂಡೂರಿನ ಕಲ್ಲು ನೋಡಬಹುದು. ಪಾಲಿಶ್ ಮಾಡಿಸುವುದಾದರೆ ಹಾಸಿದ ಮೇಲೆ, ಬಣ್ಣದ ಕೊನೆಯ ಕೋಟಿಗೆ ಮುಂಚೆ; ಮಷೀನಿನ ಕೆಸರು ಗೋಡೆಗೆ ಎರಚದೆ ಬಿಡುವುದಿಲ್ಲ.

ನಮ್ಮದು ಎರೆ ಭೂಮಿ. ನೆಲ ಕುಸಿತದ, ಟೈಲ್ಸ್ ಏಳ್ತಾವ ಅಂತಾರ. ಖರೇನಾ?

ಖರೆ. ಕರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಡಿಪಾಯ ತೋಡಿದ ಅದೇ ಮಣ್ಣನ್ನು "ಯಾಕ ಹೊರಗ ಹಾಕೋದು" ಎಂದು ಮತ್ತೆ ಪ್ಲಿಂತ್ (ನೆಲಮಟ್ಟದವರೆಗಿನ ಬುನಾದಿ ಗೋಡೆ) ಒಳಗೆ ತುಂಬಿದರೆ ಮೇಲೆ ಎಂಥ ಇಟಾಲಿಯನ್ ಮಾರ್ಬಲ್ ಹಾಕಿದರೂ ಅದು ಕುಣಿಯುತ್ತದೆ. ಒಳಭರ್ತಿಗೆ ಮರಂ, ಅಂದರೆ ಗರಸು ಮಣ್ಣು, ಬೇಕು. ಅರ್ಧ, ಮುಕ್ಕಾಲು ಅಡಿ ದಪ್ಪದ ಪದರು ಹಾಕುತ್ತ, ಪ್ರತಿ ಪದರಿಗೂ ನೀರುಣಿಸಿ, ಧಮ್ಮಸ್ಸು ಹೊಡೆದು ಗಟ್ಟಿ ಮಾಡಬೇಕು. ಒಮ್ಮೆಗೇ ಮೂರು ಅಡಿ ಸುರಿದು ಮೇಲಿಂದ ನೀರು ಬಿಟ್ಟರೆ ಮೇಲಿನ ಅರ್ಧ ಅಡಿ ಮಾತ್ರ ಗಟ್ಟಿ.

ಅದರ ಮೇಲೆ 3–4 ಇಂಚು ಕಾಂಕ್ರೀಟ್ ಬೆಡ್, ಆಮೇಲೆ ಹಾಸು. ಅನುಕೂಲವಿದ್ದರೆ ಭರ್ತಿ ಮಾಡಿ ಒಂದು ಮಳೆಗಾಲ ಹಾಗೇ ಬಿಡಿ. ಕುಸಿಯುವುದೆಲ್ಲ ಆಗಲೇ ಕುಸಿಯಲಿ. ಯಾದಗಿರಿಯಲ್ಲಿ ಬಂಡೆ ನೆಲದ ಮೇಲೆ, ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ಕಟ್ಟುವವರಿಗೆ ಈ ಕಾಟ ಕಡಿಮೆ, ಆದರೂ ಭರ್ತಿ ಮಾತ್ರ ಭರ್ತಿಯೇ. ಸಡಿಲ ಬಿಟ್ಟರೆ ಅಲ್ಲೂ ಕೂರುತ್ತದೆ.

ಟೈಲ್ಸ್ ತರುವಾಗ ಏನ್ ನೋಡಬೇಕು? ಎಷ್ಟು ಬಾಕ್ಸ್ ಬೇಕಾಗ್ತಾವ?

2×2 ಅಡಿಯ ಬಾಕ್ಸಿನಲ್ಲಿ ಸಾಮಾನ್ಯವಾಗಿ 4 ಟೈಲ್ಸ್, 2×4 ಅಡಿಯದರಲ್ಲಿ 2. ಎರಡೂ ಬಾಕ್ಸು ಸುಮಾರು 15.5 ಚದರ ಅಡಿ ತುಂಬುತ್ತವೆ. 12×15 ಅಡಿ ಕೋಣೆ ಅಂದರೆ 180 ಚದರ ಅಡಿ. ಸ್ಕರ್ಟಿಂಗು (ಗೋಡೆಯ ಬುಡದ ಟೈಲ್ಸ್ ಪಟ್ಟಿ), ಕಟಿಂಗ್ ವೇಸ್ಟು ಸೇರಿ 200 ಹಿಡಿಯಿರಿ, 13 ಬಾಕ್ಸ್. ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಹಾಸಿದರೆ ವೇಸ್ಟು ಇನ್ನೂ ಹೆಚ್ಚು. ಕೆಲಸ ಮುಗಿದ ಮೇಲೆ ಒಂದು ಬಾಕ್ಸ್ ಅಟ್ಟದ ಮೇಲೆ ಎತ್ತಿಡಿ.

ಬಾಕ್ಸಿನ ಮೇಲೆ ಬ್ಯಾಚ್ ನಂಬರು, ಶೇಡ್ ನಂಬರು ಇರುತ್ತದೆ. ಎಲ್ಲಾ ಬಾಕ್ಸಿನಲ್ಲೂ ಅದು ಒಂದೇ ಇರಬೇಕು. ಗಾಡಿ ಇಳಿಸುವಾಗಲೇ ನೋಡಿ, ಹಾಸಿದ ಮೇಲೆ ನೋಡಿ ಉಪಯೋಗವಿಲ್ಲ. ಎರಡು ಟೈಲ್ಸನ್ನು ಮುಖಕ್ಕೆ ಮುಖ ಜೋಡಿಸಿ ಹಿಡಿದರೆ ಬಿಲ್ಲಿನಂತೆ ಬಾಗಿದೆಯೋ ಇಲ್ಲವೋ ತಿಳಿಯುತ್ತದೆ. 2×4 ಟೈಲ್ಸಿನಲ್ಲಿ ಈ ಬಾಗು ಸಾಮಾನ್ಯ, ಅರ್ಧಕ್ಕರ್ಧ ಜೋಡಿಸುವ ಡಿಸೈನಿನಲ್ಲಿ ಅಂಚು ಕಾಲಿಗೆ ತಾಕುತ್ತದೆ.

ಗೌಂಡಿ ಸಿಮೆಂಟ್‌ನಾಗೇ ಕೂಡಸ್ತೀನಿ ಅಂತಾನ. ಅಡೆಸಿವ್ ಬೇಕೇ ಬೇಕಾ?

ನೆಲಕ್ಕೆ, ಸಣ್ಣ ಟೈಲ್ಸಿಗೆ ಸಿಮೆಂಟು ನಡೆಯುತ್ತದೆ. ಗೋಡೆಗೆ ವಿಟ್ರಿಫೈಡ್ (ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ) ಟೈಲ್ಸ್ ಹಚ್ಚುವುದಾದರೆ ಅಡೆಸಿವ್, ಅಂದರೆ ಟೈಲ್ಸಿನ ಅಂಟು, ಬೇಕೇ ಬೇಕು. ವಿಟ್ರಿಫೈಡ್ ಟೈಲ್ಸು ನೀರು ಹೀರುವುದು ಶೇ 0.5ಕ್ಕಿಂತ ಹೆಚ್ಚಿಲ್ಲ, ನೀರು ಹೀರದ ಮೈಯಲ್ಲಿ ಸಿಮೆಂಟಿನ ಹಾಲಿಗೆ ಹಿಡಿತ ಸಿಗುವುದಿಲ್ಲ. ಹೀರುವ ಸಿರಾಮಿಕ್ ಗೋಡೆ ಟೈಲ್ಸಿಗೆ ಮಾತ್ರ ಹಳೆಯ ಪದ್ಧತಿ ಸರಿ.

ಬೀದರಿಗೆ ಹೋದಾಗ ಬಹಮನಿ ವಜೀರ ಮಹಮೂದ್ ಗವಾನನ ಮದರಸಾ ನೋಡಿ. 1472ರ ಕಟ್ಟಡ. ಮುಂಭಾಗದಲ್ಲಿ ಉಳಿದಿರುವ ಟೈಲ್ಸಿನ ತುಣುಕುಗಳ ನೀಲಿ ಇಂದಿಗೂ ಮಾಸಿಲ್ಲ, ಬಣ್ಣವನ್ನು ಗಾಜಿನಂತೆ ಸುಟ್ಟು ಕೂರಿಸಿದ್ದು. ಉಳಿದ ತುಣುಕು ಉಳಿದದ್ದು ಗೋಡೆಯ ಹಿಡಿತದಿಂದ. ಟೈಲ್ಸಿಗೆ ದುಡ್ಡು ಸುರಿದು ಅಂಟಿಗೆ ಜಿಪುಣತನ ಮಾಡುವವರಿಗೆ ಆ ಗೋಡೆ ತೋರಿಸಬೇಕು.

ಟೈಲ್ಸ್ ನಡುವೆ 2 ಮಿ.ಮೀ. ಸ್ಪೇಸರ್ (ಸಂದು ಬಿಡಿಸುವ ಸಣ್ಣ ತುಂಡು) ಹಾಕಿಸಿ. "ಸಂದಿಲ್ಲದ ಹಾಂಗ ಕೂಡಸ್ತೀನಿ" ಎಂದು ಹೆಮ್ಮೆ ಪಡುವ ಗೌಂಡಿಯನ್ನು ಹೊಗಳಿ, ಸ್ಪೇಸರ್ ಹಾಕಿಸಿ. ಬಿಸಿಲಿಗೆ ಹಿಗ್ಗಲು ಜಾಗವಿಲ್ಲದ ಟೈಲ್ಸು ಒಂದು ದಿನ ಡೇರೆಯಂತೆ ಎದ್ದು ನಿಲ್ಲುತ್ತದೆ.

ಮಾಡ್ಯುಲರ್ ಕಿಚನ್ ಮಾಡಸ್ತೀವಿ. ಅದ್ರಾಗ ಜೋಳದ ರೊಟ್ಟಿ ಬಡಿಯಾಕ ಆಗ್ತದ?

ಈ ಪ್ರಶ್ನೆಯನ್ನು ಮನೆಯ ಹೆಣ್ಣುಮಕ್ಕಳು ಕೇಳುತ್ತಾರೆ, ಗಂಡಸರು ಕೇಳುವುದೇ ಇಲ್ಲ. ಉತ್ತರ: ಹೇಳಿ ಮಾಡಿಸಿದರೆ ಆಗುತ್ತದೆ, ಫೋಟೊ ನೋಡಿ ಮಾಡಿಸಿದರೆ ಆಗುವುದಿಲ್ಲ.

ಕಟ್ಟೆಯ ಎತ್ತರ ಸಾಮಾನ್ಯವಾಗಿ 33–34 ಇಂಚು ಇಡುತ್ತಾರೆ. ತರಕಾರಿ ಹೆಚ್ಚಲು, ಒಲೆ ಮುಂದೆ ನಿಲ್ಲಲು ಇದು ಸರಿ. ರೊಟ್ಟಿ ಬಡಿಯುವುದು ಬೇರೆ ಕೆಲಸ. ಹಿಟ್ಟು ನಾದುವಾಗ ಮೈಭಾರ ಮೇಲಿನಿಂದ ಬೀಳಬೇಕು, ಬಡಿಯುವಾಗ ಮೊಣಕೈ ಬಿಡುವಾಗಿರಬೇಕು. ಎತ್ತರ ಹೆಚ್ಚಾದರೆ ಹೆಗಲು ಎತ್ತಿ ಎತ್ತಿ ಬಡಿದು, ಹತ್ತು ರೊಟ್ಟಿಗೆ ಭುಜ ಹಿಡಿಯುತ್ತದೆ. ಒಂದು ಮೂಲೆಯಲ್ಲಿ ಎರಡೂವರೆ ಅಡಿ ಅಗಲದ ತುಂಡನ್ನು 3–4 ಇಂಚು ತಗ್ಗಿಸಿ ಮಾಡಿಸಿ. ಅದರ ಪಕ್ಕದಲ್ಲೇ ಹಂಚಿಡುವ ಒಲೆ ಬರಬೇಕು, ಬಡಿದ ರೊಟ್ಟಿ ಹೊತ್ತು ನಡೆಯುವಂತೆ ಇರಬಾರದು. ಅಳತೆಯನ್ನು ಕ್ಯಾಟಲಾಗಿನಿಂದ ತೆಗೆದುಕೊಳ್ಳಬೇಡಿ. ರೊಟ್ಟಿ ಮಾಡುವವರನ್ನೇ ನಿಲ್ಲಿಸಿ, ಇಟ್ಟಿಗೆ ಜೋಡಿಸಿ ಮೇಲೆ ಹಲಗೆ ಇಟ್ಟು ಬಡಿಯಲು ಹೇಳಿ, ಆ ಎತ್ತರವನ್ನೇ ಗೋಡೆಗೆ ಗುರುತು ಮಾಡಿ. ಅತ್ತೆ, ಸೊಸೆ ಇಬ್ಬರ ಎತ್ತರದಲ್ಲಿ ಅರ್ಧ ಅಡಿ ವ್ಯತ್ಯಾಸವಿದ್ದರೆ ಯಾರು ಹೆಚ್ಚು ದಿನ ಬಡಿಯುತ್ತಾರೋ ಅವರ ಲೆಕ್ಕ.

ಕೆಳಗೆ ಕುಂತೇ ಬಡಿಯುವ ರೂಢಿ ಇರುವ ಮನೆಯಲ್ಲಿ ಹಿತ್ತಲ ಕಡೆ ಯುಟಿಲಿಟಿಯಲ್ಲಿ ಅದಕ್ಕೆ ಜಾಗ, ಕೆಳಮಟ್ಟದಲ್ಲಿ ಒಲೆಗೆ ವ್ಯವಸ್ಥೆ, ಹೊಗೆ ಹೋಗಲು ಕಿಟಕಿ ಇಡಿ. ನಾಚಿಕೆ ಪಡುವಂಥದ್ದೇನೂ ಇಲ್ಲ.

ಕಟ್ಟೆಗೆ ಗ್ರಾನೈಟ್, 18–20 ಮಿ.ಮೀ. ದಪ್ಪದ್ದು. ಬಡಿತ ಬೀಳುವ ಜಾಗದಲ್ಲಿ ಎರಡು ಅಡಿಗೊಂದು ಆಸರೆ ಇರಲೇಬೇಕು, ಕೆಳಗೆ ಕಡಪಾ ಕಲ್ಲೋ ಇಟ್ಟಿಗೆಯೋ ಯಾವುದಾದರೂ ಸರಿ. ಬರೀ ಪ್ಲೈವುಡ್ ಡಬ್ಬಿಯ ಮೇಲೆ ಕೂರಿಸಿದ ಗ್ರಾನೈಟು ದಿನಾ ಬಡಿತಕ್ಕೆ ಸಿಂಕಿನ ಕೊರೆತದ ಹತ್ತಿರ ಬಿರುಕು ಬಿಡುತ್ತದೆ. ಬಿಳಿ ಕ್ವಾರ್ಟ್ಜ್ ಕಟ್ಟೆ ಚಂದ. ಅರಿಶಿಣ ಬಿದ್ದ ಮೇಲೆ ನೋಡಿ. ರೊಟ್ಟಿ ಕಟ್ಟೆಯ ಕೆಳಗೆ ಡ್ರಾಯರ್ ಮಾಡಿಸಬೇಡಿ. ಹಿಟ್ಟು ಹೋಗಿ ಚಾನೆಲ್ಲಿನಲ್ಲಿ ಕೂರುತ್ತದೆ, ಜಿರಳೆ ಬರುತ್ತವೆ. ಅಲ್ಲಿ ಬಾಗಿಲಿನ ಕಪಾಟು, ಒಳಗೆ ಹಿಟ್ಟಿನ ಡಬ್ಬಿ, ಪರಾತ.

ಪ್ಲೈವುಡ್, ಎಂಡಿಎಫ್ ಯಾವ್ದು ಚಲೋ?

ಎಂಡಿಎಫ್ ಅಂದರೆ ಮರದ ನಾರು ಒತ್ತಿ ಮಾಡಿದ ಹಾಳೆ. ನೀರು ತಾಕುವಲ್ಲಿ ಅದು ಬೇಡ, ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಸಿಂಕಿನ ಕೆಳಗೆ, ಅಡುಗೆಮನೆಯ ಕೆಳಗಿನ ಕಪಾಟಿಗೆ ಐಎಸ್ (ಭಾರತೀಯ ಮಾನಕ) 710 ಮುದ್ರೆಯ ಪ್ಲೈ, ಅಂದರೆ ಮರೈನ್ ಪ್ಲೈ. ಒಣ ಗೋಡೆಯ ವಾರ್ಡ್‌ರೋಬಿಗೆ ಐಎಸ್ 303 ಸಾಕು. ಮುದ್ರೆಯನ್ನು ಹಾಳೆಯ ಮೇಲೆ ನೀವೇ ಓದಿ, ಕತ್ತರಿಸುವ ಮುಂಚೆ. ಮೇಲೆ ಸನ್‌ಮೈಕಾ ಅಂಟಿಸಿದ ಮೇಲೆ ಒಳಗಿನದು ಏನೆಂದು ದೇವರಿಗೇ ಗೊತ್ತು.

ಬಚ್ಚಲ ಟೈಲ್ಸ್ ಮ್ಯಾಲೆ ಬಿಳಿ ಕಲೆ ಬರ್ತಾವ. ಯಾವ ಟೈಲ್ಸ್ ಹಾಕಿದ್ರ ಬರೂದಿಲ್ಲ?

ಕಲೆ ಟೈಲ್ಸಿನದಲ್ಲ, ಬೋರ್ ನೀರಿನದು. ಗಡಸು ನೀರು ಒಣಗಿದಲ್ಲೆಲ್ಲ ಸುಣ್ಣದಂಶ ಉಳಿಯುತ್ತದೆ. ಕಪ್ಪು, ಕಡುನೀಲಿ, ಹೊಳೆಯುವ ಟೈಲ್ಸಿನಲ್ಲಿ ಅದು ಎದ್ದು ಕಾಣುತ್ತದೆ. ತಿಳಿಬೂದಿ, ಮಣ್ಣಿನ ಬಣ್ಣದ ಮ್ಯಾಟ್ ಟೈಲ್ಸಿನಲ್ಲಿ ಕಾಣುವುದಿಲ್ಲ. ನೆಲಕ್ಕೆ ಜಾರದ ಮ್ಯಾಟ್ ಟೈಲ್ಸೇ ಇರಲಿ, ಗೋಡೆಗೆ 7 ಅಡಿವರೆಗೆ. ನಲ್ಲಿಯ ಹೊಳಪಿನ ಮೇಲೆ ಕೂತ ಕಲೆಗೆ ವಿನೆಗರ್ ಒರೆಸಬಹುದು, ಫರ್ಸಿಗೆ ಮಾತ್ರ ಹನಿ ತಾಕಿಸಬೇಡಿ.

ಟೈಲ್ಸಿಗಿಂತ ಅದರ ಕೆಳಗಿನ ವಾಟರ್‌ಪ್ರೂಫಿಂಗ್ ಮುಖ್ಯ. ಅದು ಮುಗಿದ ಮೇಲೆ ನೀರು ಹೋಗುವ ಕಿಂಡಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 48 ತಾಸು ಬಿಡಿ. ಕೆಳಗಿನ ಕೋಣೆಯ ಮೇಲ್ಛಾವಣಿ, ಪಕ್ಕದ ಗೋಡೆ ಒಣಗಿದ್ದರೆ ಮಾತ್ರ ಟೈಲ್ಸಿಗೆ ಕೈ ಹಾಕಲಿ. ಇಳಿಜಾರನ್ನು ಹಾಸಿದ ದಿನವೇ ಒಂದು ತಂಬಿಗೆ ನೀರು ಸುರಿದು ನೋಡಿ. ಸಂದುಗಳಿಗೆ ಬಿಳಿ ಸಿಮೆಂಟ್ ಬೇಡ, ನೀರು ಹೀರದ ಎಪಾಕ್ಸಿ ಗ್ರೌಟ್ (ಸಂದು ತುಂಬುವ ಮಸಾಲೆ) ತುಂಬಿಸಿ. ಒಂದು ಬಚ್ಚಲಿಗೆ ಹೆಚ್ಚೇನೂ ಖರ್ಚು ಬೀಳುವುದಿಲ್ಲ.

ಹೊಸ ಗ್ವಾಡಿಗೆ ಬಿರುಕು ಬಿಟ್ಟಾವ. ಪುಟ್ಟಿ ತುಂಬಿ ಬಣ್ಣ ಹಚ್ಚಬೇಕಾ?

ಮೊದಲು ಯಾವ ಬಿರುಕು ನೋಡಿ. ಜೇಡರ ಬಲೆಯಂಥ ಕೂದಲೆಳೆ ಬಿರುಕುಗಳು ಬೇಸಿಗೆಯಲ್ಲಿ ಗಿಲಾವು ಬೇಗ ಒಣಗಿದ್ದಕ್ಕೆ ಬಂದವು, ಪುಟ್ಟಿಯಲ್ಲಿ ಮುಚ್ಚುತ್ತವೆ. ಕಾಲಮ್ಮಿಗೂ ಇಟ್ಟಿಗೆಗೂ ನಡುವೆ ನೆಟ್ಟಗೆ ಇಳಿದ ಬಿರುಕಿಗೆ ಗಿಲಾವಿನ ಮುಂಚೆಯೇ ಜಾಳಿಗೆ ಹೊಡೆಯಬೇಕಿತ್ತು. ಈಗ ಅಷ್ಟು ಅಗಲ ಕಿತ್ತು ಜಾಳಿಗೆ ಹಾಕಿ ಮತ್ತೆ ಗಿಲಾವು ಮಾಡಿಸಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಇದ್ದರೆ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಮಳೆಗಾಲ, ಬೇಸಿಗೆ ಎರಡರಲ್ಲೂ ಅದು ಗೆರೆ ದಾಟುತ್ತಿದ್ದರೆ ಕೆಳಗೆ ಎರೆ ಮಣ್ಣು ಆಡುತ್ತಿದೆ. ಬಣ್ಣದವನನ್ನು ಬಿಟ್ಟು ಎಂಜಿನಿಯರನ್ನು ಕರೆಯಿರಿ.

ಗೃಹಪ್ರವೇಶದ ಮುಹೂರ್ತ ಹಿಡಿದೀವಿ, ತಿಂಗಳೊಳಗ ಬಣ್ಣ ಮುಗೀಬೇಕು. ಆಗ್ತದ?

ಮುಹೂರ್ತ ನೋಡಿ ಗೋಡೆ ಒಣಗುವುದಿಲ್ಲ. ಗಿಲಾವಿಗೆ ಕನಿಷ್ಠ 7 ದಿನ ನೀರು ಹೊಡೆಯಬೇಕು, ಆಮೇಲೆ ಸುಮಾರು 4 ವಾರ ಒಣಗಲು ಬಿಡಬೇಕು, ಆಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಹಸಿ ಗೋಡೆಗೆ ಪುಟ್ಟಿ ಬಳಿದರೆ ಒಳಗಿನ ತೇವ ಹೊರಬರುವಾಗ ಅದನ್ನು ಹಪ್ಪಳದಂತೆ ತಳ್ಳುತ್ತದೆ. ಉಪ್ಪಿನ ಬೋರ್ ನೀರಿನಲ್ಲೇ ಗಿಲಾವು ಮಾಡಿದ್ದರೆ ಉಪ್ಪೂ ಹೊರಬರುತ್ತದೆ.

ದಿನ ನಿಶ್ಚಯವಾಗಿದ್ದರೆ ಒಂದು ಉಪಾಯ: ಗೃಹಪ್ರವೇಶಕ್ಕೆ ಒಳಗೆ ಬರೀ ಸುಣ್ಣ ಅಥವಾ ಪ್ರೈಮರ್ ಒಂದು ಕೋಟ್. ಹಾಲು ಉಕ್ಕಿಸಿ, ಊಟ ಹಾಕಿಸಿ. ಪುಟ್ಟಿ, ಎಮಲ್ಷನ್ (ಪ್ಲಾಸ್ಟಿಕ್ ಬಣ್ಣ) ಎರಡು ತಿಂಗಳ ನಂತರ, ಸುಣ್ಣ ಬಳಿದಿದ್ದರೆ ಅದನ್ನು ಕೆರೆದು ತೆಗೆದು. ಬಂದವರು ಏನಾದರೂ ಅಂದಾರು, ಅವರು ನಿಮ್ಮ ಮನೆಯಲ್ಲಿ ಇರುವುದು ಒಂದು ದಿನ.

ಊರಿನಲ್ಲಿ ಹಳೆಯ ಕಲ್ಲು–ಮಣ್ಣಿನ ಗೋಡೆಯ ಮನೆಯನ್ನು ಹೊಸದು ಮಾಡುವವರು ಪ್ಲಾಸ್ಟಿಕ್ ಬಣ್ಣದ ಗೊಡವೆಗೇ ಹೋಗಬೇಡಿ. ಆ ಗೋಡೆ ತೇವವನ್ನು ಹೊರಗೆ ಬಿಡಬೇಕು, ಸುಣ್ಣ ಬಿಡುತ್ತದೆ, ಎಮಲ್ಷನ್ ಬಿಡುವುದಿಲ್ಲ.

ಯಾವ ಬಣ್ಣ ಆರಿಸಬೇಕು?

ಅಂಗಡಿಯ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಗೋಡೆಯ ಮೇಲೆ ಗಾಢ ಕಾಣುತ್ತದೆ, ಒಂದು ಶೇಡ್ ತಿಳಿಯದನ್ನೇ ತನ್ನಿ. ಸಣ್ಣ ಡಬ್ಬಿ ತಂದು ಎರಡಡಿ ಚೌಕ ಹಚ್ಚಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಲೈಟಿನಲ್ಲಿ ನೋಡಿ. ಪಶ್ಚಿಮದ ಕೋಣೆಗೆ ಕೇಸರಿ, ಕೆಂಪು ಬೇಡ. ಸಂಜೆ ಬಿಸಿಲಿಗೆ ಕುಲುಮೆಯಲ್ಲಿ ಕುಂತಂತಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ತೊಳೆಯಲು ಬರುವ ಎಮಲ್ಷನ್. ವಾಸ್ತು ಬಣ್ಣದ ಬಗ್ಗೆ ನಂಬಿಕೆ ಇದ್ದರೆ ಪಾಲಿಸಿ, ತಿಳಿ ಛಾಯೆಯಲ್ಲಿ ಎಲ್ಲಾ ದಿಕ್ಕಿಗೂ ಹೊಂದುವುದು ಸಿಗುತ್ತದೆ.

ಪಿಓಪಿ ಸೀಲಿಂಗ್ ಮಾಡಿಸಿದ್ರ ಮನಿ ತಂಪಾಗ್ತದಾ?

ಸ್ವಲ್ಪ. ಸ್ಲ್ಯಾಬಿಗೂ ಸೀಲಿಂಗಿಗೂ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ. ಆದರೆ ಬಿಸಿಲು ಬೀಳುವುದು ಸ್ಲ್ಯಾಬಿನ ಮೇಲೆ, ಅಲ್ಲೇ ತಡೆಯುವುದು ಜಾಣತನ. ಅದೇ ದುಡ್ಡಿನಲ್ಲಿ ಮಾಳಿಗೆಗೆ ಬಿಳಿ ಕೂಲ್ ಕೋಟಿಂಗೋ ಬಿಳಿ ಟೈಲ್ಸೋ ಹಾಕಿಸಿದರೆ ಇಡೀ ಮನೆಗೆ ಉಪಯೋಗ. ಸೀಲಿಂಗು ಬೇಕೇ ಬೇಕೆಂದರೆ ಒಂದು ಮಳೆಗಾಲ ಕಳೆದು ಸ್ಲ್ಯಾಬ್ ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೆ ಮಾಡಿಸಿ. ಸೀಲಿಂಗಿನ ಕೆಳಗೆ 9 ಅಡಿ ಉಳಿಯಬೇಕು. ಫ್ಯಾನಿನ ಕೊಂಡಿ ಸ್ಲ್ಯಾಬಿನಿಂದಲೇ ಇಳಿಯಬೇಕು.

ಕೂಲರ್ ಗ್ವಾಡಿ ಯಾಕ ಹಾಳಾಗ್ತದ?

ಮಾರ್ಚಿನಿಂದ ಜೂನ್ ತನಕ ಕೂಲರ್ ಓಡುವ ಕೋಣೆ ಅಂದರೆ ನಾಲ್ಕು ತಿಂಗಳು ಹಸಿ ಕೋಣೆ. ಯಾವ ಕಿಟಕಿಗೆ ಕೂಲರ್ ಎಂದು ಈಗಲೇ ಗೊತ್ತುಮಾಡಿ. ಆ ಕಿಟಕಿಗೆ ಗ್ರಾನೈಟ್ ಹಾಸು, ಹೊರಗೆ ಇಳಿಜಾರು, ಗೋಡೆಯಿಂದ ಎರಡು ಇಂಚು ಮುಂದೆ. ಅದೇ ಗೋಡೆಗೆ ವಾರ್ಡ್‌ರೋಬ್ ಬೇಡ, ಹಿಂದಿನ ಹಾಳೆ ಬೂಷ್ಟು ಹಿಡಿಯುತ್ತದೆ. ಎದುರು ಗೋಡೆಯಲ್ಲಿ ಸೊಳ್ಳೆ ಜಾಳಿಗೆಯ ಕಿಟಕಿ ತೆರೆದಿರಲಿ. ಗಾಳಿ ಹೊರಹೋಗದಿದ್ದರೆ ಕೂಲರ್ ತಂಪು ಮಾಡುವುದಿಲ್ಲ, ಬರೀ ಜಿಗುಟು ಮಾಡುತ್ತದೆ.

ಬಾಗಿಲಕ್ಕ ಸಾಗವಾನಿನೇ ಬೇಕಾ?

ತಲೆಬಾಗಿಲಿಗೆ ಇರಲಿ, ಉಳಿದವಕ್ಕೆ ಬೇಕಾಗಿಲ್ಲ. ಬಚ್ಚಲಿಗೆ ಗ್ರಾನೈಟ್ ಚೌಕಟ್ಟು, ನೀರು ಕುಡಿಯದ ಬಾಗಿಲು. ಗೆದ್ದಲಿನ ಔಷಧಿಯನ್ನು ಅಡಿಪಾಯದಲ್ಲೇ ಹಾಕಿಸದಿದ್ದರೆ ನೆಲ ಹಾಸುವ ಮುಂಚೆ ಗೋಡೆ–ನೆಲ ಕೂಡುವ ಕಡೆ ತೂತು ಹೊಡೆಸಿ ಹಾಕಿಸಿ. ಆಮೇಲೆ ಎಂದರೆ ಟೈಲ್ಸು ಕೊರೆಯಬೇಕು.

ಊರಿಂದ ಜೋಳ, ತೊಗರಿ ಚೀಲ ಬರ್ತಾವ. ಆ ಖೋಲಿಗೆ ಏನ್ ಹಾಕಬೇಕು?

ಫರ್ಸಿ ನೆಲ, ಕಡಪಾ ಹಲಗೆ, ಸುಣ್ಣದ ಗೋಡೆ. ಪ್ಲೈವುಡ್ ಒಂದು ಚೂರೂ ಬೇಡ. ಚೀಲಗಳು ನೆಲಕ್ಕೆ, ಗೋಡೆಗೆ ತಾಗದಂತೆ ಗೋಡೆಯಿಂದ ಸ್ವಲ್ಪ ಬಿಟ್ಟು ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಬಾಗಿಲಿನ ಕೆಳಗೆ ಇಲಿ ನುಗ್ಗದಂತೆ ತಗಡು.

ರೊಕ್ಕ ಕಡಿಮಿ ಬಿತ್ತು. ಎಲ್ಲಿ ಕಡಿಮಿ ಮಾಡಬೇಕು?

ಸೀಲಿಂಗು, ಟಿವಿ ಗೋಡೆ, ವಾರ್ಡ್‌ರೋಬಿನ ಬಾಗಿಲು, ದುಬಾರಿ ಲೈಟು ಇವೆಲ್ಲ ಮುಂದಿನ ತೊಗರಿ ಮಾರಿದ ಮೇಲೂ ಆಗುತ್ತವೆ. ವಾರ್ಡ್‌ರೋಬಿಗೆ ಕಡಪಾ ಹಲಗೆ ಹಾಕಿ ಪರದೆ ಬಿಡಿ. ಮೇಲಿನ ಮಹಡಿಗೆ ಸದ್ಯಕ್ಕೆ ಸಿಮೆಂಟ್ ನೆಲ ಇರಲಿ. ವೈರು, ಪೈಪು, ವಾಟರ್‌ಪ್ರೂಫಿಂಗ್, ಭರ್ತಿಯಲ್ಲಿ ಮಾತ್ರ ಒಂದು ರೂಪಾಯಿಯೂ ಕಡಿಮೆ ಮಾಡಬೇಡಿ.

ಕೆಲಸದವರ ಜೋಡಿ ಹ್ಯಾಂಗ ಮಾತಾಡಬೇಕು?

ಕೆಲಸ ಶುರುವಾಗುವ ಮುಂಚೆ, ಕಾಗದದ ಮೇಲೆ. ಬರೀ ಲೇಬರ್ ರೇಟೋ, ಮಟೀರಿಯಲ್ ಸಹಿತವೋ. ಟೈಲ್ಸ್ ಚದರ ಅಡಿ ಲೆಕ್ಕ, ಸ್ಕರ್ಟಿಂಗು ಉದ್ದದ ಅಡಿ ಲೆಕ್ಕ, ಗ್ರಾನೈಟ್ ಅಂಚಿನ ಮೋಲ್ಡಿಂಗ್ ಬೇರೆ ಲೆಕ್ಕವೋ ಸೇರಿದ್ದೋ. ಬಣ್ಣದ ಅಳತೆಯಲ್ಲಿ ಬಾಗಿಲು–ಕಿಟಕಿ ಕಳೆಯುತ್ತಾರೋ ಇಲ್ಲವೋ. ಜಗಳ ಹೆಚ್ಚು ಆಗುವುದು ಇಲ್ಲೇ. ಪುಟ್ಟಿ ಎಷ್ಟು ಕೋಟ್, ಬಣ್ಣ ಎಷ್ಟು ಕೋಟ್, ಯಾವ ಡಬ್ಬಿ, ಎಲ್ಲಾ ಬರೆಯಿರಿ. ಡಬ್ಬಿ ನಿಮ್ಮ ಮುಂದೆ ಒಡೆಯಲಿ. ಕೊನೆಯ ಹತ್ತನೆಯ ಒಂದು ಪಾಲು ಹಣವನ್ನು ಕೈಯಲ್ಲೇ ಇಟ್ಟುಕೊಂಡು, ಎಲ್ಲಾ ಬಚ್ಚಲಿನ ನೀರು ಕಿಂಡಿಗೆ ಹರಿಯುತ್ತದೆ, ಒಂದೊಂದು ಟೈಲ್ಸೂ ತಟ್ಟಿದರೆ ಟೊಳ್ಳು ಸದ್ದು ಬರುವುದಿಲ್ಲ ಎಂದು ನೋಡಿದ ಮೇಲೆ ಕೊಡಿ.